ರೊಟ್ಟಿ ಅಂಗಡಿಯ ಫೇಸ್‌ಬುಕ್ ಪೇಜು: 14 ವರ್ಷ ಬಳಸಿದ ಮೇಲೆ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಅಂಗಡಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ರೊಟ್ಟಿ ಬಡಿಯೋದು ಅತ್ತೆ ಮತ್ತು ಇನ್ನೂ ನಾಲ್ಕು ಜನ. ಪೇಜು ನನ್ನ ಪಾಲಿನ ಕೆಲಸ. 2011ರಲ್ಲಿ ಫೇಸ್‌ಬುಕ್‌ನಲ್ಲಿ ತೆರೆದೆ, ಇವತ್ತಿಗೂ ಅದೇ ಪೇಜು ನಡೆಯುತ್ತಿದೆ. ಪೇಜು ತೆರೆಯೋದು ಹೇಗೆ, ಜಾಹೀರಾತು ಕೊಡೋದು ಹೇಗೆ ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ, ಬಿಡಿ. ನಾನು ಬರೆಯಲು ಕೂತಿದ್ದು ದುಡ್ಡು ಕೊಟ್ಟು ಮಾಡಿಸಿದ ಒಂದು ಟ್ಯಾಬ್ ಬಗ್ಗೆ, ಅಂದರೆ ಪೇಜಿನೊಳಗೇ ತೆರೆದುಕೊಳ್ಳುವ ಒಂದು ಬೇರೆ ಪುಟದ ಬಗ್ಗೆ.

ಆಗ ಪೇಜಿಗೆ ಮೊದಲ ಸಲ ಬಂದವರು ನೇರವಾಗಿ ಒಂದು ಸ್ವಾಗತದ ಪುಟಕ್ಕೆ ಹೋಗುವಂತೆ ಮಾಡಬಹುದಿತ್ತು. ಅದನ್ನು ಮಾಡಿಕೊಡುವ ಕಂಪನಿಗಳೇ ಬೇಕಾದಷ್ಟಿದ್ದವು. ನಾವು ಹಿಡಿದದ್ದು ಅಂಥದ್ದೇ ಒಂದನ್ನ. ಹೆಸರು ಬೇಡ. ಮೊದಲಿಗೆ 4,500 ರೂಪಾಯಿ, ಆಮೇಲೆ ವರ್ಷಕ್ಕೆ 1,200. ನಮ್ಮ ರೊಟ್ಟಿಗೆ ಆಗ 4 ರೂಪಾಯಿ. ಅತ್ತೆ ಕೂತಲ್ಲೇ ಲೆಕ್ಕ ಹಾಕಿದರು: "1,125 ರೊಟ್ಟಿ ಆತು ನೋಡವಾ."

ಆದರೂ ಚೆಂದ ಇತ್ತು. ಸುಳ್ಳು ಯಾಕೆ ಹೇಳಲಿ? ಬಿದಿರಿನ ಬುಟ್ಟಿಯಲ್ಲಿ ರೊಟ್ಟಿ, ಮೇಲೆ ದೊಡ್ಡ ಅಕ್ಷರದಲ್ಲಿ "ಗುಲ್ಬರ್ಗದ ಕಡಕ್ ರೊಟ್ಟಿ", ಕೆಳಗೆ ದರಪಟ್ಟಿ. ಎಲ್ಲ ಸೇರಿ ಒಂದೇ ಚಿತ್ರ. ಕನ್ನಡವನ್ನು ಅಕ್ಷರವಾಗಿ ಹಾಕಿದರೆ ಆಗಿನ ಎಷ್ಟೋ ಫೋನು, ಕಂಪ್ಯೂಟರುಗಳಲ್ಲಿ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ಅದಕ್ಕೇ ಚಿತ್ರ. ಲೈಕ್ ಒತ್ತಿದರೆ 10 ರೂಪಾಯಿಯ ಕೂಪನ್ ತೆರೆದುಕೊಳ್ಳುತ್ತಿತ್ತು. ಸುಮ್ನೆ ಸಂಜೆ ಹೊತ್ತು ನಾನೇ ತೆರೆದು ನೋಡುತ್ತಾ ಕೂರುತ್ತಿದ್ದೆ.

ನನಗೆ ತಡವಾಗಿ ತಿಳಿದದ್ದು ಇಷ್ಟು: ಆ ಟ್ಯಾಬ್ ಫೇಸ್‌ಬುಕ್‌ನ ಒಳಗೆ ಇರಲೇ ಇಲ್ಲ. ಕಂಪನಿಯ ಸರ್ವರಿನಲ್ಲಿದ್ದ ಪುಟವನ್ನು ಒಂದು ಕಿಟಕಿ ಕೊರೆದು ತೋರಿಸುತ್ತಿದ್ದರು, ಅಷ್ಟೇ. 2011ರ ಅಕ್ಟೋಬರ್ 1ರಿಂದ ಇಂಥ ಪುಟಗಳಿಗೆ ಸುರಕ್ಷಿತ ವಿಳಾಸ, ಅಂದರೆ ಎಚ್‌ಟಿಟಿಪಿಎಸ್, ಕಡ್ಡಾಯ ಆಯಿತು. ನಮ್ಮ ಕಂಪನಿ ಅದನ್ನು ಮಾಡಿಸಿರಲಿಲ್ಲ. ದಸರಾ ಹಬ್ಬದ ಸಮಯ, ಆರ್ಡರ್ ಬರುವ ಹೊತ್ತು, ಟ್ಯಾಬ್ ಇರಬೇಕಾದಲ್ಲಿ ಎಚ್ಚರಿಕೆಯ ಸಾಲು. ಫೋನ್ ಮಾಡಿದರೆ, "ಮೇಡಂ, ನಾಳೆ." ಆ ನಾಳೆ ಬರಲು 19 ದಿನ ಹಿಡಿಯಿತು.

2012ರ ಮಾರ್ಚ್ 30ಕ್ಕೆ ಎಲ್ಲ ಪೇಜುಗಳೂ ಟೈಮ್‌ಲೈನ್ ಅನ್ನೋ ಹೊಸ ರೂಪಕ್ಕೆ ಬದಲಾದವು. ಸ್ವಾಗತದ ಪುಟಕ್ಕೆ ನೇರವಾಗಿ ಕಳಿಸುವ ವ್ಯವಸ್ಥೆ ಹೋಯಿತು. ಟ್ಯಾಬ್ ಅನ್ನೋದು ಕವರ್ ಫೋಟೋ ಕೆಳಗೆ ಒಂದು ಸಣ್ಣ ಚೌಕ ಆಯಿತು. ಅದನ್ನು ಒತ್ತಿದರೆ ತೆರೆಯುವ ಪುಟದ ಅಗಲ ಮಾತ್ರ 520 ಪಿಕ್ಸೆಲ್‌ನಿಂದ 810ಕ್ಕೆ ಏರಿತು. ನಮ್ಮ ಚಿತ್ರ 520ರದ್ದು. ಪಕ್ಕದಲ್ಲೆಲ್ಲ ಬಿಳಿ ಖಾಲಿ. ಅತ್ತೆ ಬಗ್ಗಿ ನೋಡಿ ಕೇಳಿದರು: "ಇದೇನವಾ, ಅರ್ಧಾ ಗ್ವಾಡಿಗಷ್ಟೇ ಸುಣ್ಣಾ ಹಚ್ಚಿ ಹೋಗ್ಯಾರಲ್ಲ?" ಅಗಲ ಮಾಡಿಕೊಡಲು ಕಂಪನಿ ಇನ್ನೂ 1,500 ಕೇಳಿತು. ಕೊಟ್ಟೆ. ಬುದ್ಧಿ ಬೇಡ್ವಾ ನನಗೆ?

ಕೊಟ್ಟ ಮೇಲೆ ಹುಬ್ಬಳ್ಳಿಯ ಗಿರಾಕಿಯೊಬ್ಬರು ಮೆಸೇಜ್ ಮಾಡಿದರು: "ಅಕ್ಕಾರೆ, ರೇಟು ಎಲ್ಲಿ ಹಾಕೀರಿ?" ಟ್ಯಾಬ್ ನೋಡಿ ಅಂದೆ. ಯಾವ ಟ್ಯಾಬ್ ಅಂದರು. ಫೋನಿನ ಆ್ಯಪ್‌ನಲ್ಲಿ ಇಂಥ ಟ್ಯಾಬ್ ಕಾಣುತ್ತಲೇ ಇರಲಿಲ್ಲ. ನಾನು ನೋಡುತ್ತಿದ್ದದ್ದು ಮನೆಯ ಕಂಪ್ಯೂಟರಿನಲ್ಲಿ, ಗಿರಾಕಿಗಳು ನೋಡುತ್ತಿದ್ದದ್ದು ಫೋನಿನಲ್ಲಿ. ಈ ಮಾತನ್ನು ಕಂಪನಿಯವರು ದುಡ್ಡು ತೆಗೆದುಕೊಳ್ಳುವಾಗ ಹೇಳಬೇಕಿತ್ತು. ನನ್ನ ನಿಜವಾದ ಸಿಟ್ಟು ಇರೋದು ಇಲ್ಲೇ.

ಅವತ್ತು ಸಿಟ್ಟಿನಲ್ಲೇ ಮಗನ ಪಾಟಿ ತೆಗೆದುಕೊಂಡೆ. ಬಳಪದಲ್ಲಿ ದರ ಬರೆದು, ಫೋಟೋ ತೆಗೆದು, ಪೇಜಿಗೆ ಹಾಕಿ, ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ ಪಿನ್ ಮಾಡಿದೆ. ಕವರ್ ಫೋಟೋದಲ್ಲಿ ದರ, ಫೋನ್ ನಂಬರ್ ಹಾಕಬಾರದು ಅಂತ ಆಗ ನಿಯಮ ಇತ್ತು. ಪಿನ್ ಮಾಡಿದ ಪೋಸ್ಟಿಗೆ ಆ ತಕರಾರು ಇರಲಿಲ್ಲ. ಆದರೆ 7 ದಿನಕ್ಕೆ ಪಿನ್ ತಾನೇ ಕಳಚುತ್ತಿತ್ತು. ಹಾಗಾಗಿ ಪ್ರತಿ ಸೋಮವಾರ ಬೆಳಗ್ಗೆ ಪಾಟಿ ಕೆಲಸ ಶುರುವಾಯಿತು. ಮೊದಲ ಒಲೆಯ ರೊಟ್ಟಿ ಇಳಿಯುವಷ್ಟರಲ್ಲಿ ಒದ್ದೆ ಬಟ್ಟೆಯಲ್ಲಿ ಪಾಟಿ ಒರೆಸಬೇಕು. ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಬಳಪ ಮೂಡಲ್ಲ. ನಮ್ಮ ಬಿಸಿಲಿಗೆ ಎರಡು ನಿಮಿಷವೂ ಬೇಡ. ಆ ವಾರದ ಜೋಳದ ದರ ಅತ್ತೆ ಹೇಳುತ್ತಾರೆ, ನಾನು ಬರೆಯುತ್ತೇನೆ. ಬಾಗಿಲ ಬಳಿ ಗೋಡೆಗೆ ಆನಿಸಿಟ್ಟು, ಪಕ್ಕದಲ್ಲಿ ಒಂದು ರೊಟ್ಟಿ ಇಟ್ಟು, ಎಡಗಡೆಯ ಬೆಳಕಿನಲ್ಲಿ ಒಂದು ಫೋಟೋ. ಪಕ್ಕದಲ್ಲಿಟ್ಟ ರೊಟ್ಟಿ ಆಮೇಲೆ ನನ್ನ ನಾಷ್ಟಾ.

ಟ್ಯಾಬ್ ಸತ್ತದ್ದು 2014ರ ನವೆಂಬರಿನಲ್ಲಿ. 1ನೇ ತಾರೀಖು ಗುಲ್ಬರ್ಗ ಕಲಬುರಗಿ ಆಯಿತು. ನಮ್ಮ ಚಿತ್ರದಲ್ಲಿ ದೊಡ್ಡದಾಗಿ ಗುಲ್ಬರ್ಗ. ನಾಲ್ಕು ದಿನ ಬಿಟ್ಟು, 5ಕ್ಕೆ, ಲೈಕ್ ಒತ್ತಿದರೆ ಮಾತ್ರ ಏನಾದರೂ ಕೊಡುವುದನ್ನು ಫೇಸ್‌ಬುಕ್ ನಿಲ್ಲಿಸಿತು. ಕೂಪನ್ನೂ ಹೋಯಿತು. ಊರಿನ ಹೆಸರು ತಿದ್ದಲು ಕಂಪನಿ 800 ಕೇಳಿದಾಗ ನಾನು ನವೀಕರಿಸಲೇ ಇಲ್ಲ. ಪಾಟಿಯಲ್ಲಿ "ಕಲಬುರಗಿ" ಅಂತ ಬರೆಯಲು ನನಗೆ ಬಿದ್ದ ಖರ್ಚು ಒಂದು ತುಂಡು ಬಳಪ.

ಆಮೇಲೂ ಪೇಜು ಎಷ್ಟು ಸಲ ಮುಖ ಬದಲಿಸಿತೋ. 2018ರಲ್ಲಿ ನಕ್ಷತ್ರದ ವಿಮರ್ಶೆ ಹೋಗಿ ಶಿಫಾರಸು ಬಂತು. 2021ರಿಂದ ಬಂದ ಪೇಜಿನ ಹೊಸ ರೂಪದಲ್ಲಿ ಲೈಕ್ ಬಟನ್ ಹೋಗಿ ಫಾಲೋ ಮಾತ್ರ ಉಳಿಯಿತು. ವಾಟ್ಸ್ಆ್ಯಪ್ ಬಿಸಿನೆಸ್ ಬಂದ ಮೇಲೆ ಆರ್ಡರುಗಳೆಲ್ಲ ಅಲ್ಲೇ. ಕ್ಯಾಟಲಾಗ್‌ನಲ್ಲಿ ಹಿಂಡಿ, ರೊಟ್ಟಿ ಹಾಕಿಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತದೆ. ಒಂದೊಂದು ಬದಲಾವಣೆಗೂ ನನಗೆ ಹಿಡಿದದ್ದು ಹೆಚ್ಚೆಂದರೆ ಅರ್ಧ ದಿನ. ಬಟನ್ ಎಲ್ಲಿಟ್ಟರು ಅಂತ ಹುಡುಕುವಾಗ ಬೈದುಕೊಳ್ಳುತ್ತೇನೆ, ಸಿಕ್ಕ ಮೇಲೆ ಮರೆಯುತ್ತೇನೆ. ಬಿಟ್ಟಿ ಸಿಕ್ಕ ಪೇಜಿಗೆ ಇದಕ್ಕಿಂತ ಜಾಸ್ತಿ ಸಿಟ್ಟು ಮಾಡಿಕೊಳ್ಳಲು ಆಗಲ್ಲ, ಅಲ್ವಾ? ಪೇಜಿಗೆ 5ಕ್ಕೆ 4 ಕೊಡುತ್ತೇನೆ. ಟ್ಯಾಬ್ ಕಂಪನಿಗೆ ಒಂದೂ ಇಲ್ಲ. ಸಣ್ಣ ಅಂಗಡಿಯವರನ್ನು ಯಾರಾದರೂ "ಪೇಜಿಗೆ ಸ್ಪೆಷಲ್ ಡಿಸೈನ್ ಮಾಡಿಕೊಡ್ತೀವಿ" ಅಂತ ಕೇಳಿದರೆ, ಮೊದಲು ನಿಮ್ಮ ಫೋನಿನಲ್ಲೇ ತೆರೆದು ತೋರಿಸಲು ಹೇಳಿ.

ಪಿನ್ನಿಗೆ ಈಗ 7 ದಿನದ ಮಿತಿ ಇಲ್ಲ. ಆದರೂ ಸೋಮವಾರ ತಪ್ಪಿಸಿಲ್ಲ. ಹೋದ ತಿಂಗಳು ಪಾಟಿ ಕೈಜಾರಿ ಬಿದ್ದು ಒಡೆಯಿತು. ಸೂಪರ್ ಮಾರ್ಕೆಟ್‌ನಿಂದ ಹೊಸದು ತಂದೆ, ಇದರ ಅಂಚು ಹಸಿರು ಪ್ಲಾಸ್ಟಿಕ್ಕು. ಫೋಟೋ ಹಾಕಿ ಒಂದು ತಾಸು ಆಗಿರಲಿಲ್ಲ, ನಾಲ್ಕು ಮೆಸೇಜ್ ಬಂದವು. ಒಬ್ಬರಂತೂ ಕೇಳೇಬಿಟ್ಟರು: "ಅಕ್ಕಾರೆ, ಪೇಜು ಬ್ಯಾರೆದವರಿಗೆ ಕೊಟ್ರೇನು?"