ಪ್ರಾಗ್‌ನಲ್ಲಿ ಒಂದೇ ಬೆಳಗ್ಗೆ ಸಿಕ್ಕರೆ ಯಾವ ದಾರಿ? ಸೇತುವೆ, ಕೋಟೆ, ವಿಶೆಹ್ರಾಡ್

ಯುರೋಪ್ ಸುತ್ತಲು ಬರುವ ನಮ್ಮವರು ಪ್ರಾಗ್‌ಗೆ ಕೊಡುವುದು ಸಾಮಾನ್ಯವಾಗಿ ಒಂದೂವರೆ ದಿನ. ವಿಯೆನ್ನಾ ಕಡೆಯಿಂದ ರೈಲಿನಲ್ಲಿ ಬರುತ್ತಾರೆ, ಮಾರನೇ ದಿನ ಮಧ್ಯಾಹ್ನ ಬರ್ಲಿನ್‌ಗೆ ಹೊರಡುತ್ತಾರೆ. ಕೈಯಲ್ಲಿ ಉಳಿಯುವುದು ಒಂದು ಬೆಳಗ್ಗೆ. ಆ ನಾಲ್ಕೈದು ಗಂಟೆ ಎಲ್ಲಿಂದ ನಡೆಯಲು ಶುರು ಮಾಡಬೇಕು ಅಂತ ಸ್ನೇಹಿತರು ನನ್ನನ್ನು ಕೇಳುತ್ತಲೇ ಇರುತ್ತಾರೆ. ನಾನಿರುವುದು ಡ್ರೆಸ್ಡೆನ್‌ನಲ್ಲಿ, ಅಲ್ಲಿಂದ ಪ್ರಾಗ್ ಸುಮಾರು ಎರಡೂವರೆ ಗಂಟೆಯ ರೈಲು ದಾರಿ. ಒಬ್ಬಳೇ ಹೋಗಿ ನಡೆದಿದ್ದೇನೆ, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೇನೆ, ಜೂನ್ ಬಿಸಿಲಲ್ಲೂ ಡಿಸೆಂಬರ್ ಚಳಿಯಲ್ಲೂ ಸುತ್ತಿದ್ದೇನೆ. ಹಾಗಾಗಿ ಮೂರು ದಾರಿಗಳನ್ನು ಹೋಲಿಸಿ ಹೇಳುತ್ತೇನೆ.

ಯಾವ ಜಾಗ ಹೆಚ್ಚು ಚಂದ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ ಅಲ್ಲ. ಬೆಳಗ್ಗೆ 9 ಗಂಟೆಗೆ ನೀವು ಎಲ್ಲಿರಬೇಕು ಅನ್ನೋದೇ ಪ್ರಶ್ನೆ. ಕೋಟೆಯ ಒಳಗಿನ ಕಟ್ಟಡಗಳ ಬಾಗಿಲು ತೆರೆಯುವುದು 9ಕ್ಕೆ. ಹಳೇ ಪಟ್ಟಣದ ಗಡಿಯಾರದ ಗೊಂಬೆಗಳು ದಿನದ ಮೊದಲ ಸಲ ಹೊರಬರುವುದು 9ಕ್ಕೆ. ಛತ್ರಿ ಎತ್ತಿ ಹಿಡಿದ ಗೈಡುಗಳು, ಅವರ ಹಿಂದೆ ನಲವತ್ತು ಐವತ್ತು ಜನರ ಗುಂಪುಗಳು ಬೀದಿಗೆ ಇಳಿಯುವುದೂ ಹೆಚ್ಚು ಕಡಿಮೆ ಆಗಲೇ.

ಮೊದಲನೇ ದಾರಿ ಹಳೇ ಪಟ್ಟಣದಿಂದ ಚಾರ್ಲ್ಸ್ ಸೇತುವೆಗೆ. 1475ರಲ್ಲಿ ಕಟ್ಟಲು ಶುರು ಮಾಡಿದ ಪೌಡರ್ ಟವರ್ ಹತ್ತಿರ ಹೊರಟು, ಚೌಕಕ್ಕೆ ಬಂದು, ಕಾರ್ಲೋವಾ ಎಂಬ ಕಿರಿದಾದ ಬೀದಿ ಹಿಡಿದು ನದಿಗೆ ಇಳಿಯುವುದು. ದೂರ ಜಾಸ್ತಿ ಇಲ್ಲ, ಏರು ಇಲ್ಲವೇ ಇಲ್ಲ. ಆದರೆ ಬೇಸಿಗೆಯಲ್ಲಿ ಬೆಳಗ್ಗೆ 6ಕ್ಕೆ ಬೀದಿಯಲ್ಲಿರಬೇಕು. 10ರ ಮೇಲೆ ಕಾರ್ಲೋವಾ ಬೀದಿಯಲ್ಲಿ ನಡೆಯುವುದು ಅಂದರೆ ಜಾತ್ರೆಯಲ್ಲಿ ತೇರಿನ ಹಿಂದೆ ಸಾಗಿದ ಹಾಗೆ, ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ.

ಗಡಿಯಾರದ ವಿಷಯ ಸ್ವಲ್ಪ ಹೇಳಲೇಬೇಕು. ಗಂಟೆಗೊಮ್ಮೆ ಹನ್ನೆರಡು ಅಪೋಸ್ತಲರ, ಅಂದರೆ ಯೇಸುವಿನ ಶಿಷ್ಯರ, ಗೊಂಬೆಗಳು ಕಿಟಕಿಯಲ್ಲಿ ಹಾದುಹೋಗುತ್ತವೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕೋಳಿ ಕೂಗುತ್ತದೆ, ಮುಗೀತು. ಅದನ್ನೇ ನೋಡಲು ಜನ ಅರ್ಧ ಗಂಟೆ ಮೊದಲೇ ಬಂದು ನಿಲ್ಲುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಗೊಂಬೆಯಲ್ಲ, 1410ರ ಆ ಯಂತ್ರ. ಅದಕ್ಕೆ ಬೆಳಗ್ಗೆ 7 ಗಂಟೆಯೇ ಸರಿ, ಎದುರು ಯಾರೂ ಇರುವುದಿಲ್ಲ. ಅದರ ಒಂದು ಬಳೆಯ ಮೇಲೆ ಹನ್ನೆರಡು ರಾಶಿಗಳ ಗುರುತುಗಳಿವೆ, ಸೂರ್ಯ ಇವತ್ತು ಯಾವ ರಾಶಿಯಲ್ಲಿದ್ದಾನೆ ಅಂತ ಮುಳ್ಳು ತೋರಿಸುತ್ತದೆ. ಅರ್ಧ ಕಪ್ಪು ಅರ್ಧ ಬೆಳ್ಳಿ ಬಣ್ಣದ ಪುಟ್ಟ ಗುಂಡು ತಿರುಗುತ್ತಾ ಚಂದ್ರನ ಕಲೆ ತೋರಿಸುತ್ತದೆ. ಜೂನ್ ಕೊನೆಯಲ್ಲಿ ಅಮ್ಮ ಅದನ್ನು ನೋಡಿ, "ಇದೇನೇ, ಪಂಚಾಂಗದಲ್ಲಿ ಸೂರ್ಯ ಇನ್ನೂ ಮಿಥುನದಲ್ಲೇ ಇದ್ದಾನೆ, ಇಲ್ಲಿ ಆಗಲೇ ಕರ್ಕಾಟಕಕ್ಕೆ ಬಂದುಬಿಟ್ಟಿದ್ದಾನಲ್ಲ" ಎಂದರು. ಅಮ್ಮ ಹೇಳಿದ್ದು ಸರಿಯೇ. ಪಶ್ಚಿಮದ ಲೆಕ್ಕದಲ್ಲಿ ಮೇಷ ಶುರುವಾಗುವುದು ಮಾರ್ಚ್ 21ರ ಸುಮಾರಿಗೆ, ನಮ್ಮಲ್ಲಿ ಏಪ್ರಿಲ್ 14ಕ್ಕೆ. ಆ ವ್ಯತ್ಯಾಸವನ್ನು ಕಣ್ಣಾರೆ ನೋಡಬಹುದಾದ ಜಾಗ ಇದು. ಗುಂಪಿನ ಮಧ್ಯೆ ನಿಂತಿದ್ದರೆ ಈ ಮಾತುಕತೆ ನಡೆಯುತ್ತಲೇ ಇರಲಿಲ್ಲ.

ಗಡಿಯಾರದ ಗೋಪುರದ ಪಕ್ಕ ನೆಲದಲ್ಲಿ 27 ಬಿಳಿ ಶಿಲುಬೆಗಳಿವೆ. 1621ರಲ್ಲಿ ಹಾಬ್ಸ್‌ಬರ್ಗ್ ಅರಸರ ವಿರುದ್ಧ ಬಂಡೆದ್ದ 27 ಜನರನ್ನು ಕೊಂದ ಜಾಗ. ಬೆಳಗ್ಗೆ ಅವು ಕಾಣುತ್ತವೆ. ಆಮೇಲೆ ಜನ ಅವುಗಳ ಮೇಲೆಯೇ ನಿಂತಿರುತ್ತಾರೆ.

ಇನ್ನು ಸೇತುವೆ. 1357ರಲ್ಲಿ ರಾಜ ನಾಲ್ಕನೇ ಚಾರ್ಲ್ಸ್ ಕಾಲದಲ್ಲಿ ಶುರುವಾಗಿದ್ದು, ಅರ್ಧ ಕಿಲೋಮೀಟರ್ ಉದ್ದ, ಎರಡೂ ಬದಿ ಸೇರಿ 30 ಪ್ರತಿಮೆಗಳು. ಎಲ್ಲಕ್ಕಿಂತ ಹಳೆಯದು 1683ರಲ್ಲಿ ಇಟ್ಟ ಯಾನ್ ನೆಪೊಮುಕ್ ಎಂಬ ಸಂತನದು. 1393ರಲ್ಲಿ ಅವನನ್ನು ಇದೇ ಸೇತುವೆಯಿಂದ ವ್ಲತಾವಾ ನದಿಗೆ ಎಸೆದರು. ಪೀಠದ ಕಂಚಿನ ಫಲಕವನ್ನು ಜನ ಮುಟ್ಟಿ ಮುಟ್ಟಿ ಹೊಳೆಯುವ ಹಾಗೆ ಮಾಡಿದ್ದಾರೆ. ಕೋಟೆ ಇರುವುದು ಪಶ್ಚಿಮಕ್ಕೆ. ಹಳೇ ಪಟ್ಟಣದಿಂದ ಬೆಳಗ್ಗೆ ಹೊರಟರೆ ಸೂರ್ಯ ಬೆನ್ನಿಗೆ, ಬೆಳಕು ನೇರ ಕೋಟೆಯ ಮೇಲೆ. ಫೋಟೋ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ದಿಕ್ಕಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ 8ರ ಹತ್ತಿರ, ಹಾಗಾಗಿ ಬೇಗ ಏಳಲಾಗದವರಿಗೆ ಚಳಿಗಾಲವೇ ಅನುಕೂಲ.

ಎರಡನೇ ದಾರಿ ಮೇಲಿಂದ ಕೆಳಕ್ಕೆ. 22ನೇ ನಂಬರಿನ ಟ್ರಾಮ್ ಹತ್ತಿ. ಪ್ರಾಗ್ ಕೋಟೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ನೀವು ಇಳಿಯಬೇಡಿ, ಇನ್ನೂ ಮುಂದೆ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಹೆಚ್ಚುಕಡಿಮೆ ಪೂರ್ತಿ ಇಳಿಜಾರು. 1143ರಲ್ಲಿ ಸ್ಥಾಪನೆಯಾದ ಸ್ಟ್ರಾಹೊವ್ ಮಠ, ಆಮೇಲೆ ಲೊರೆಟಾ ಎಂಬ ಯಾತ್ರಾ ಚರ್ಚ್, ಆಮೇಲೆ ಕೋಟೆಯ ಮುಂದಿನ ಚೌಕ. ಕೋಟೆಯ ಅಂಗಳಗಳಿಗೆ ಬೆಳಗ್ಗೆ 6ರಿಂದಲೇ ಹೋಗಬಹುದು, ಟಿಕೆಟ್ ಬೇಡ. 9ಕ್ಕೆ ಸರಿಯಾಗಿ ಸೇಂಟ್ ವೀಟಸ್ ಕೆಥೆಡ್ರಲ್ ಬಾಗಿಲಲ್ಲಿ ನಿಂತರೆ ಒಳಗೆ ಉಸಿರಾಡಲು ಜಾಗ ಇರುತ್ತದೆ. 1344ರಲ್ಲಿ ಶುರುವಾದ ಈ ಕಟ್ಟಡ ಮುಗಿದದ್ದು 1929ರಲ್ಲಿ. ಬೆಳಗ್ಗೆ ಬಣ್ಣದ ಗಾಜಿನ ಮೂಲಕ ಬರುವ ಬೆಳಕು, ಅದರಲ್ಲೂ ಚಿತ್ರಕಾರ ಅಲ್ಫೋನ್ಸ್ ಮೂಖಾ ಮಾಡಿದ ಕಿಟಕಿ, ತುಂಬಾ ಹೊತ್ತು ನಿಲ್ಲಿಸಿಕೊಳ್ಳುತ್ತದೆ. ಭಾನುವಾರ ಮಾತ್ರ ಈ ದಾರಿ ಬೇಡ. ಅವತ್ತು ಪ್ರವಾಸಿಗಳಿಗೆ ಕೆಥೆಡ್ರಲ್ ತೆರೆಯುವುದು ಮಧ್ಯಾಹ್ನ.

ಈ ದಾರಿಯ ನಿಜವಾದ ಹೆಚ್ಚುಗಾರಿಕೆ ಕಥೆಯಲ್ಲಿದೆ. ಕೋಟೆಯ ಹಳೇ ಅರಮನೆಯಲ್ಲಿ ಒಂದು ಕಿಟಕಿ ಇದೆ. 1618ರಲ್ಲಿ ಹಾಬ್ಸ್‌ಬರ್ಗ್ ಅರಸರ ವಿರುದ್ಧ ಬಂಡೆದ್ದವರು ಅಲ್ಲಿಂದ ಅರಸರ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಕೆಳಕ್ಕೆ ಎಸೆದರು. ಮೂವರೂ ಬದುಕಿದರು, ಆದರೆ ಮೂವತ್ತು ವರ್ಷದ ಯುದ್ಧ ಶುರುವಾಯಿತು. ಅದೇ ಯುದ್ಧದ ಕೊನೆಯಲ್ಲಿ, 1648ರಲ್ಲಿ, ಸ್ವೀಡನ್ ಸೈನ್ಯ ಕೋಟೆಯ ಕಡೆಯ ದಡವನ್ನೆಲ್ಲ ಹಿಡಿದು ಚಾರ್ಲ್ಸ್ ಸೇತುವೆಯ ಮೇಲೆ ನುಗ್ಗಿತು, ಹಳೇ ಪಟ್ಟಣದವರು ದಾಟಲು ಬಿಡಲಿಲ್ಲ. ಸೇತುವೆಯ ಆ ತುದಿಯ ಗೋಪುರ ನೋಡಿ: ಪಟ್ಟಣದ ಕಡೆ ತುಂಬಾ ಶಿಲ್ಪ, ನದಿಯ ಕಡೆ ಬೋಳು ಗೋಡೆ. ಆ ಹೊಡೆತದಲ್ಲೇ ಹೋಗಿದ್ದು. ಯುದ್ಧ ಶುರುವಾದ ಕಿಟಕಿಯಿಂದ ಅದರ ಕೊನೆಯ ಕಾಳಗ ನಡೆದ ಸೇತುವೆಗೆ ಅರ್ಧ ಗಂಟೆಯಲ್ಲಿ ನಡೆದು ಬರಬಹುದು. ಇದು ಗೊತ್ತಿದ್ದು ನಡೆದರೆ ಊರೇ ಬೇರೆ ಥರ ಕಾಣುತ್ತದೆ.

ಮಧ್ಯೆ ನೆರುಡೊವಾ ಬೀದಿ ಬರುತ್ತದೆ. ಮನೆಗಳಿಗೆ ನಂಬರ್ ಬರುವ ಮೊದಲು ಗುರುತಿಗೆ ಇಟ್ಟ ಚಿಹ್ನೆಗಳು ಬಾಗಿಲ ಮೇಲೆ ಇನ್ನೂ ಇವೆ: ಮೂರು ಪಿಟೀಲು, ಎರಡು ಸೂರ್ಯ, ಕೆಂಪು ಕುರಿಮರಿ. ತಲೆ ಎತ್ತಿ ನಡೆಯಿರಿ, ಆದರೆ ಕಾಲ ಕೆಳಗೂ ಗಮನ ಇರಲಿ. ಕಲ್ಲು ಹಾಸಿದ ಇಳಿಜಾರು, ಮಳೆ ಬಂದರೆ ಜಾರುತ್ತದೆ. ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ ಅನ್ನುವವರು ಇರುತ್ತಾರೆ, ನಮ್ಮ ಅಪ್ಪ ಹಾಗೆ. ಅವರು ನಿಂತು ನಿಂತು ಬಂದರು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಕೊರತೆ ಎರಡು. ಮೇಲಿನಿಂದ ಊರು ನೋಡುವಾಗ ಬೆಳಗಿನ ಸೂರ್ಯ ಎದುರಿಗೇ ಇರುವುದರಿಂದ ಫೋಟೋ ಮಂಕು. ಸೇತುವೆಗೆ ಬರುವಷ್ಟರಲ್ಲಿ 11 ದಾಟಿ, ಅದು ಜನರಿಂದ ತುಂಬಿರುತ್ತದೆ.

ಮೂರನೇ ದಾರಿ ವಿಶೆಹ್ರಾಡ್. ಅಲ್ಲಿ 9 ಗಂಟೆಗೆ ವಿಶೇಷ ಏನೂ ಆಗುವುದಿಲ್ಲ, ನಾಯಿ ಕರೆದುಕೊಂಡು ಬಂದ ಊರವರು ಓಡಾಡುತ್ತಿರುತ್ತಾರೆ. ಮೆಟ್ರೋ ಸಿ ಲೈನಿನಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಹಳೇ ಕೋಟೆಗೋಡೆ. ಪ್ರವೇಶ ಉಚಿತ. 11ನೇ ಶತಮಾನದ ಪುಟ್ಟ ದುಂಡನೆಯ ಚರ್ಚ್ ಇದೆ. ಸಂಗೀತ ಸಂಯೋಜಕರಾದ ಡ್ವೋರ್ಜಾಕ್ ಮತ್ತು ಸ್ಮೆತಾನಾ, ಚಿತ್ರಕಾರ ಮೂಖಾ, ನಾಟಕಕಾರ ಕರೆಲ್ ಚಾಪೆಕ್ ಎಲ್ಲರ ಸಮಾಧಿಗಳು ಒಂದೇ ಸ್ಮಶಾನದಲ್ಲಿವೆ. ಚಾರ್ಲ್ಸ್ ಸೇತುವೆಯಿಂದ ತೆಗೆದ ಕೆಲವು ಅಸಲಿ ಪ್ರತಿಮೆಗಳನ್ನು ಇಲ್ಲಿನ ನೆಲದಡಿಯ ಕೋಣೆಯಲ್ಲಿಟ್ಟಿದ್ದಾರೆ. ಸೇತುವೆಯ ಮೇಲೆ ಈಗಿರುವುದರಲ್ಲಿ ಹೆಚ್ಚಿನವು ನಕಲು. ಗೋಡೆಯ ಮೇಲಿಂದ ನದಿ ಉದ್ದಕ್ಕೂ ಕಾಣುತ್ತದೆ. ಕೆಳಗಿಳಿದು 17ನೇ ಟ್ರಾಮ್ ಹಿಡಿದರೆ ನದಿ ಪಕ್ಕದಲ್ಲೇ ಹಳೇ ಪಟ್ಟಣ ತಲುಪಬಹುದು. ನನಗೆ ತುಂಬಾ ಇಷ್ಟದ ಜಾಗ ಇದು. ಆದರೂ ಮೊದಲ ಸಲ ಬಂದವರಿಗೆ ಹೇಳುವುದಿಲ್ಲ, ಗಡಿಯಾರ, ಸೇತುವೆ, ಕೆಥೆಡ್ರಲ್ ಮೂರನ್ನೂ ಬಿಟ್ಟು ಹೋದ ಬೇಸರ ಉಳಿಯುತ್ತದೆ.

ಗೈಡ್ ಜೊತೆ ನಡೆಯುವ, ಕೊನೆಗೆ ಇಷ್ಟವಾದಷ್ಟು ದುಡ್ಡು ಕೊಡುವ ವಾಕಿಂಗ್ ಟೂರ್‌ಗಳೂ ಇವೆ. ಕಥೆ ಚೆನ್ನಾಗಿ ಹೇಳುತ್ತಾರೆ. ಆದರೆ ಸಾಮಾನ್ಯವಾಗಿ 10ರ ಸುಮಾರಿಗೆ ಹೊರಡುತ್ತವೆ, ಅಂದರೆ ಒಳ್ಳೆಯ ಹೊತ್ತು ಕಳೆದ ಮೇಲೆ.

ಒಬ್ಬರೇ ಅಥವಾ ಗೆಳೆಯರ ಜೊತೆ ಬಂದಿದ್ದರೆ ಮೊದಲನೇ ದಾರಿ ಹಿಡಿಯಿರಿ. 6ಕ್ಕೆ ಹೊರಟು, ಸೇತುವೆ ದಾಟಿ, ಆ ಕಡೆ ಬೇಕರಿಯಲ್ಲಿ ಗಸಗಸೆ ಹೂರಣದ ಕೊಲಾಚ್ ತಿಂದು, ಮೆಟ್ಟಿಲು ಹತ್ತಿ 9ಕ್ಕೆ ಕೋಟೆ ಸೇರಿ. ಎರಡೂ ಸಿಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಎರಡನೇ ದಾರಿ, ಅನುಮಾನವೇ ಬೇಡ. ಎರಡನೇ ಸಲ ಬಂದವರು ವಿಶೆಹ್ರಾಡ್‌ಗೆ ಹೋಗಿ. ಟ್ರಾಮ್, ಮೆಟ್ರೋ ಎರಡಕ್ಕೂ ಒಂದೇ ಟಿಕೆಟ್ ನಡೆಯುತ್ತದೆ. ಕಾಗದದ ಟಿಕೆಟ್ ಕೊಂಡರೆ ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಿ, ಮೆಟ್ರೋ ಆದರೆ ಕೆಳಗಿಳಿಯುವ ಮುಂಚೆಯೇ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕು.