14 ದಿನದ ಬಿಲ್ಲೆ, 12 ದಿನದ ಬಾಳಿಕೆ

ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ನಾನು, ವೈದ್ಯರ ಸಲಹೆಯಂತೆ ಈ ಏಪ್ರಿಲಿನಲ್ಲಿ ಮಂಗಳೂರಿನ ಹಂಪನಕಟ್ಟೆಯ ಔಷಧದಂಗಡಿಯೊಂದರಲ್ಲಿ ಸುಮಾರು ಐದು ಸಾವಿರ ರೂಪಾಯಿ ತೆತ್ತು ಗ್ಲೂಕೋಸ್ ಸೆನ್ಸರ್ ಕೊಂಡೆ. ನಾಣ್ಯಕ್ಕಿಂತ ತುಸು ದೊಡ್ಡದಾದ ಈ ಬಿಳಿ ಬಿಲ್ಲೆಯನ್ನು ತೋಳಿನ ಹಿಂಭಾಗಕ್ಕೆ ಒತ್ತಿದರೆ ಕೂದಲೆಳೆಯಂಥ ತಂತು ಚರ್ಮದಡಿ ಇಳಿದು, 14 ದಿನ ಫೋನಿಗೆ ಅಂಕಿ ಕಳುಹಿಸುತ್ತಿರುತ್ತದೆ. ನೋವಿಲ್ಲ.

ಇದು ಅಳೆಯುವುದು ರಕ್ತದಲ್ಲಿನ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿರುವುದನ್ನು. ರಕ್ತದ ಏರಿಳಿತ ಅಲ್ಲಿಗೆ ಮುಟ್ಟಲು ಕೆಲವು ನಿಮಿಷ ಹಿಡಿಯುವುದರಿಂದ, ಊಟದ ಬೆನ್ನಿಗೇ ಬೆರಳು ಚುಚ್ಚಿ ನೋಡಿದ ಅಂಕಿಯೊಂದಿಗೆ ತಾಳೆಯಾಗಲಿಲ್ಲವೆಂದು ಸೆನ್ಸರನ್ನು ದೂರಬೇಕಿಲ್ಲ. ಮೂರನೆಯ ರಾತ್ರಿ ಎರಡು ಗಂಟೆಗೆ ಫೋನು ಬೊಬ್ಬೆ ಹಾಕಿ, ಸಕ್ಕರೆ 58ಕ್ಕೆ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಇಳಿದಿದೆಯೆಂದು ತೋರಿಸಿತು. ಬೆಲ್ಲದ ಡಬ್ಬಿಗೆ ಕೈ ಹಾಕುವ ಮೊದಲು ಬೆರಳು ಚುಚ್ಚಿ ನೋಡಿದರೆ 112! ಆ ತೋಳಿನ ಮೇಲೆಯೇ ಮಲಗಿದಾಗ ಬಿಲ್ಲೆ ಅದುಮಿಹೋಗಿ ಹೀಗೆ ಸುಳ್ಳು ಇಳಿಕೆ ಕಾಣುತ್ತದೆಯೆಂದು ಮರುದಿನ ವೈದ್ಯರು ತಿಳಿಸಿದರು.

ಕೊಟ್ಟ ಹಣ ಸಾರ್ಥಕವೆನಿಸಿದ್ದು ಊಟದ ವಿಷಯದಲ್ಲಿ. ಬೆಲ್ಲ–ಕಾಯಿಸುಳಿಯೊಂದಿಗೆ ತಿಂದ ನಾಲ್ಕು ನೀರುದೋಸೆ ಸಕ್ಕರೆಯನ್ನು 214ಕ್ಕೆ ಏರಿಸಿತು, ಅದು ನಿರೀಕ್ಷಿತವೇ. ಆದರೆ ಕುಚ್ಚಲಕ್ಕಿಯಿಂದ ಸಕ್ಕರೆ ಏರದೆಂಬ ನಮ್ಮ ಕಡೆಯ ನಂಬಿಕೆಯೂ ಅರ್ಧವಷ್ಟೇ ನಿಜವಾಗಿ, ಎರಡು ಸೌಟು ಅನ್ನಕ್ಕೆ 186 ಬಂತು. ಮರುದಿನ ಹೆಸರುಕಾಳಿನ ಪಲ್ಯ, ಬಸಳೆಯ ಹೋಳುಗಳನ್ನು ಮೊದಲು ತಿಂದು, ಅಷ್ಟೇ ಅನ್ನವನ್ನು ಕೊನೆಗೆ ಉಂಡಾಗ 151. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದರೆ ಊಟದ ನಂತರದ ಏರಿಕೆ ತಗ್ಗುತ್ತದೆಂದು ನ್ಯೂಯಾರ್ಕಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದರು. ಅದು ಕೇವಲ 11 ಮಂದಿಯ ಅಧ್ಯಯನವಾದ್ದರಿಂದ ನಾನು ಹೆಚ್ಚೇನೂ ನಂಬಿರಲಿಲ್ಲ. ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು ಸಕ್ಕರೆ 70ರಿಂದ 180ರೊಳಗಿರಬೇಕೆಂಬುದು 2019ರ ಅಂತರರಾಷ್ಟ್ರೀಯ ತಜ್ಞರ ಒಮ್ಮತ. ನನ್ನದು ಮೊದಲ ವಾರ ಶೇ. 61 ಇದ್ದದ್ದು, ಉಣ್ಣುವ ಕ್ರಮ ಬದಲಿಸಿದ ಮೇಲೆ 74ಕ್ಕೆ ಬಂತು.

ನಮ್ಮ ಕರಾವಳಿಯ ಸೆಕೆಗೆ ಮಾತ್ರ ಇದರ ಅಂಟು ಹೇಳಿಸಿದ್ದಲ್ಲ. ಬೆವರಿಗೆ ಅಂಚು ಎದ್ದು, 12ನೆಯ ದಿನ ಬಿಲ್ಲೆ ಬನಿಯನ್ನಿನೊಂದಿಗೆ ಕಳಚಿ ಬಂತು. ಸಹಾಯವಾಣಿಗೆ ನಾಲ್ಕು ಬಾರಿ ಕರೆ ಮಾಡಿದರೂ ಕನ್ನಡ ಬಲ್ಲವರು ಸಿಗಲಿಲ್ಲ, ಬದಲಿ ಸೆನ್ಸರೂ ದೊರೆಯಲಿಲ್ಲ.

ಇನ್ಸುಲಿನ್ ಚುಚ್ಚಿಕೊಳ್ಳುವವರ ಅಗತ್ಯ ಬೇರೆ. ನನ್ನಂತೆ ಮಾತ್ರೆಯಲ್ಲೇ ಇರುವವರಿಗೆ ವರ್ಷಕ್ಕೆ ಒಂದೆರಡು ಸಾಕು. ಮಳೆ ಹಿಡಿದು ಸೆಕೆ ಇಳಿದ ಮೇಲೆ ಇನ್ನೊಂದು ಕೊಳ್ಳುವವನಿದ್ದೇನೆ, ಪತ್ರೊಡೆಯ ಲೆಕ್ಕ ಬಾಕಿಯಿದೆ.