ಹಂಪಿ ಮುಗೀತು, ಇನ್ನೊಂದು ದಿನ ಉಳಿದಿದೆ: ಹಿರೇಬೆಣಕಲ್ಲೋ, ಇಟಗಿ–ಲಕ್ಕುಂಡಿಯೋ, ದರೋಜಿಯೋ?

ವಿರೂಪಾಕ್ಷ, ವಿಠ್ಠಲ, ಕಮಲ ಮಹಲ್ ಎಲ್ಲಾ ಆಯ್ತು. ಮಾತಂಗ ಬೆಟ್ಟದ ಮೇಲಿಂದ ಸೂರ್ಯೋದಯವೂ ಆಯ್ತು. ಇನ್ನೊಂದು ದಿನ ರಜೆ ಇದೆ, ಎಲ್ಲಿಗೆ ಹೋಗೋದು? ಈ ಪ್ರಶ್ನೆಗೆ ಹೊಸಪೇಟೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ತುಂಗಭದ್ರಾ ಡ್ಯಾಮ್. ಡ್ಯಾಮ್ ಬೇಡ ಅಂತ ನಾನು ಹೇಳುವುದಿಲ್ಲ. ಸಂಜೆ ಹೋಗಿ ಸುತ್ತಾಡಿ ಬರೋಕೆ ಚೆನ್ನಾಗಿದೆ. ಆದರೆ ಇಡೀ ದಿನವನ್ನು ಅದಕ್ಕೆ ಕೊಡುವಷ್ಟು ಅಲ್ಲಿ ಏನೂ ಇಲ್ಲ.

ಸುತ್ತಮುತ್ತ ಬೇರೆ ಮೂರು ದಾರಿಗಳಿವೆ. ಮೂರನ್ನೂ ಬೇರೆ ಬೇರೆ ಸಲ, ಬೇರೆ ಬೇರೆ ಜನರ ಜೊತೆ ನೋಡಿದ್ದೇನೆ. ಗೆಳೆಯರ ಜೊತೆ ಹೋದಾಗ ಇಷ್ಟವಾದದ್ದು ಅತ್ತೆ–ಮಾವನ ಜೊತೆ ಹೋದಾಗ ಆಗುವುದಿಲ್ಲ. ಹಾಗಾಗಿ ಇದು ಸ್ವಲ್ಪ ಮಂಡಿನೋವಿನ ಲೆಕ್ಕವೂ ಹೌದು.

ಹಿರೇಬೆಣಕಲ್

ಗಂಗಾವತಿಯಿಂದ ಸುಮಾರು 10 ಕಿ.ಮೀ. ಹಂಪಿ ಕಡೆಯಿಂದ ಬರುವವರು ಕಡೆಬಾಗಿಲು ಸೇತುವೆ ದಾಟಿ ಗಂಗಾವತಿ ಮೇಲೆ ಹೋಗಬೇಕು. ಊರು ಮುಟ್ಟಿದಾಗ ಇಲ್ಲೇನಿದೆ ಮಹಾ ಅನ್ನಿಸುತ್ತದೆ. ಭತ್ತದ ಗದ್ದೆ, ಎಮ್ಮೆ, ಸುತ್ತ ಬಂಡೆಗಳ ಗುಡ್ಡ. ನೋಡಬೇಕಾದ ಹಳೇ ಕಲ್ಲಿನ ಮನೆಗಳೆಲ್ಲ ಆ ಗುಡ್ಡದ ಮೇಲಿವೆ. ಊರಿನವರು ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಹಿಂದೆ ಅಲ್ಲಿ ಮೋರ್ಯರು ಅನ್ನೋ ಕುಳ್ಳ ಜನ ಇದ್ದರು, ಆ ಕಲ್ಲಿನ ಮನೆಗಳು ಅವರವೇ ಅನ್ನುವ ಕಥೆಯೂ ಇದೆ.

ಹತ್ತೋಕೆ ಒಂದು ಗಂಟೆ ಹಿಡಿಯಿರಿ. ಮೆಟ್ಟಿಲಿಲ್ಲ. ಬಂಡೆ, ಮುಳ್ಳುಗಿಡ, ಮತ್ತೆ ಬಂಡೆ. ಹೊರಡುವ ಮುಂಚೆ ಚಹಾದಂಗಡಿ ಅಜ್ಜಿ ನಮ್ಮ ಕೈಯಲ್ಲಿದ್ದ ಒಂದೇ ಬಾಟಲಿ ನೋಡಿ, 'ಮ್ಯಾಗ ಹನಿ ನೀರು ಸಿಗಂಗಿಲ್ರಿ, ಇನ್ನೆರಡು ಹಿಡ್ಕೊಂಡು ಹೋಗ್ರಿ' ಅಂತ ಗದರಿದ್ದರು. ಅವರ ಮಾತು ಕೇಳಿದ್ದು ಒಳ್ಳೆಯದಾಯ್ತು. ಬಿಸಿಲು ಏರಿದ ಮೇಲೆ ಆ ಕಲ್ಲು ಕಾಯುವ ರೀತಿಯೇ ಬೇರೆ. ದಾರಿಯಲ್ಲಿ ಬಂಡೆಗಳ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಜಿಂಕೆ, ಬೇಟೆ, ಕುಣಿಯುವ ಜನ. ಜೊತೆಗೆ ಊರಿನ ಹುಡುಗನೊಬ್ಬನನ್ನು ಕರೆದುಕೊಂಡು ಹೋದರೆ ಸುಲಭವಾಗಿ ತೋರಿಸುತ್ತಾನೆ, ಇಲ್ಲದಿದ್ದರೆ ಪಕ್ಕದಲ್ಲೇ ಹಾದುಹೋದರೂ ಕಾಣುವುದಿಲ್ಲ.

ಮೇಲೆ ಹತ್ತಿ ನಿಂತಾಗ ನಾವೆಲ್ಲ ಸುಮ್ಮನಾದೆವು. ಒಂದಲ್ಲ ಎರಡಲ್ಲ, ಸುಮಾರು 400 ಸ್ಮಾರಕಗಳು. ಮೂರು ಕಡೆ ಕಲ್ಲಿನ ಚಪ್ಪಡಿ ನಿಲ್ಲಿಸಿ, ನಾಲ್ಕನೇ ಕಡೆ ದುಂಡನೆಯ ಕಿಂಡಿ ಕೊರೆದ ಚಪ್ಪಡಿ ಇಟ್ಟು, ಮೇಲೊಂದು ಭಾರಿ ಕಲ್ಲು ಮುಚ್ಚಿದ್ದಾರೆ. ಕೆಲವು ನಮ್ಮ ಸೊಂಟದೆತ್ತರ, ಕೆಲವು ಆಳೆತ್ತರಕ್ಕಿಂತ ಜಾಸ್ತಿ. ಕ್ರಿ.ಪೂ. 800ರಿಂದ 200ರ ನಡುವಿನವು ಅನ್ನುತ್ತಾರೆ. ಅಂದರೆ ವಿಜಯನಗರ ಶುರುವಾಗುವ ಹೊತ್ತಿಗೇ ಇವಕ್ಕೆ ಸಾವಿರದೈನೂರು ವರ್ಷ ದಾಟಿತ್ತು. ಸತ್ತವರ ನೆನಪಿಗೆ ಕಟ್ಟಿದವು. ಕಿಂಡಿಯೊಳಗೆ ತಲೆ ಹಾಕಿದರೆ ಏನೂ ಇಲ್ಲ, ಖಾಲಿ. ಹೊರಗೆ ಅಷ್ಟು ಬಿಸಿಲಿದ್ದರೂ ಒಳಗೆ ತಣ್ಣಗೆ. ಕಿಂಡಿಯ ಅಂಚನ್ನು ಬೆರಳಲ್ಲಿ ಸವರಿ ನೋಡಿದೆ. ಎಷ್ಟು ನಯವಾಗಿದೆ ಅಂದರೆ, ಇದನ್ನು ಕೊರೆದವರಿಗೆ ಏನೇನೂ ಅವಸರ ಇರಲಿಲ್ಲ ಅನ್ನಿಸಿತು.

ಇಷ್ಟು ಚಪ್ಪಡಿ ಎಲ್ಲಿಂದ ತಂದರು? ಉತ್ತರ ಅಲ್ಲೇ ಪಕ್ಕದಲ್ಲಿದೆ. ಕಲ್ಲು ಎಬ್ಬಿಸಿದ ಜಾಗ ಹಳ್ಳವಾಗಿ, ಮಳೆನೀರು ತುಂಬಿ ಈಗ ಕೆರೆಯಾಗಿದೆ. ಇಲ್ಲಿಯ ಬಂಡೆ ಪದರ ಪದರವಾಗಿ ಸೀಳುವಂಥದ್ದು. ಆ ಗುಣ ತಿಳಿದೇ ಇದೇ ಗುಡ್ಡ ಆರಿಸಿಕೊಂಡಿರಬೇಕು.

ಇನ್ನು ನಗಾರಿ ಕಲ್ಲು. ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಅದು. ಎತ್ತರದ ಬಂಡೆಯೊಂದರ ತುದಿಯಲ್ಲಿ ಅರ್ಧ ಉಂಡೆಯಂಥ ದೊಡ್ಡ ಕಲ್ಲು ಕೂತಿದೆ. ಮರದ ಕೊಡತಿಯಲ್ಲಿ ಹೊಡೆದರೆ ಸದ್ದು 1 ಕಿ.ಮೀ. ದೂರಕ್ಕೂ ಕೇಳುತ್ತದಂತೆ. ಯಾರನ್ನು ಕರೆಯೋಕೆ, ಯಾವ ಹೊತ್ತಿಗೆ ಬಾರಿಸುತ್ತಿದ್ದರೋ! ನಾವು ಕೆಳಗೆ ನಿಂತೇ ನೋಡಿದೆವು. ಸಂರಕ್ಷಿತ ಜಾಗ, ಹತ್ತಲು ಕಷ್ಟ ಬೇರೆ. ಹತ್ತಬೇಡಿ.

2021ರಲ್ಲಿ ಈ ಜಾಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೂ ನಾವು ಹೋದ ದಿನ ಮೇಲೆ ನಮ್ಮನ್ನು ಬಿಟ್ಟರೆ ಕುರಿ ಕಾಯುವವರೊಬ್ಬರು ಮಾತ್ರ. ಶೌಚಾಲಯ, ಅಂಗಡಿ, ನೆರಳು ಯಾವುದೂ ಇಲ್ಲ. ಇದನ್ನು ಗುಣ ಅನ್ನಬೇಕೋ ದೋಷ ಅನ್ನಬೇಕೋ ನೀವೇ ಹೇಳಿ.

ಇಟಗಿ, ಕುಕನೂರು, ಲಕ್ಕುಂಡಿ

ಇದು ಕಾರಿನಲ್ಲಿ ಕೂತು ಮಾಡುವ ದಿನ. ಹೊಸಪೇಟೆಯಿಂದ ಕೊಪ್ಪಳ ದಾಟಿ ಗದಗ ರಸ್ತೆ ಹಿಡಿದರೆ ಮೂರೂ ಅದೇ ಕಡೆ ಸಿಗುತ್ತವೆ. ಹಿರೇಬೆಣಕಲ್ಲಿಗೆ ಪೂರ್ತಿ ಉಲ್ಟಾ. ಎಲ್ಲೂ ಹತ್ತುವ ಕೆಲಸ ಇಲ್ಲ, ಗುಡಿಗಳ ಸುತ್ತ ಹುಲ್ಲುಹಾಸು, ಕೂರೋಕೆ ಜಾಗ. ಅತ್ತೆಯವರು ಆರಾಮಾಗಿ ನೋಡಿದರು.

ಇಟಗಿಯ ಮಹಾದೇವ ಗುಡಿ ಕಟ್ಟಿಸಿದ್ದು 1112ರಲ್ಲಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿಯ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಅನ್ನುತ್ತದೆ. ಸಾಮಾನ್ಯವಾಗಿ ಶಾಸನಗಳ ಹೊಗಳಿಕೆಯನ್ನು ನಾನು ಅರ್ಧಕ್ಕೆ ಇಳಿಸಿಕೊಂಡೇ ಓದುತ್ತೇನೆ. ಇಲ್ಲಿ ಇಳಿಸುವ ಅಗತ್ಯ ಬೀಳಲಿಲ್ಲ. ತೆರೆದ ಮಂಟಪದಲ್ಲಿ ಮೂಲತಃ 68 ಕಂಬ. ದೊಡ್ಡ ಕಂಬಗಳನ್ನು ಹತ್ತಿರದಿಂದ ನೋಡಿ, ತಿರುಗಣಿಗೆ ಹಾಕಿ ಕಡೆದ ಗೆರೆಗಳು ಬಳೆ ತೊಡಿಸಿದಂತೆ ಸುತ್ತಿಕೊಂಡಿವೆ. ಒಳಗಿನ ಛಾವಣಿಯ ಬಳ್ಳಿಗಳಂತೂ ಕಲ್ಲಿಗೆ ಅಂಟಿಕೊಂಡೇ ಇಲ್ಲವೇನೋ ಅನ್ನುವಷ್ಟು ಆಳಕ್ಕೆ ಕೊರೆದವು. ಬಳಪದ ಕಲ್ಲಾದ್ದರಿಂದ ಇದೆಲ್ಲ ಸಾಧ್ಯವಾಯ್ತು. ಹಂಪಿಯ ಗಟ್ಟಿ ಬಂಡೆಯಲ್ಲಿ ಇಷ್ಟು ನಾಜೂಕು ಕೆಲಸ ಮಾಡೋದು ಕಷ್ಟ. ಹಂಪಿ ನೋಡಿದ ಮರುದಿನವೇ ಇಟಗಿಗೆ ಹೋದರೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ದಂಡನಾಯಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಪ್ಪನ ನೆನಪಿಗೆ ಮೂರ್ತಿನಾರಾಯಣ ಗುಡಿ, ತಾಯಿಯ ನೆನಪಿಗೆ ಚಂದ್ರಲೇಶ್ವರಿ ಗುಡಿಯನ್ನೂ ಕಟ್ಟಿಸಿದ. ಅತ್ತೆಯವರಿಗೆ ಅಷ್ಟೊಂದು ಕೆತ್ತನೆಯ ನಡುವೆ ಹಿಡಿಸಿದ್ದು ಈ ಸಂಗತಿ. 'ಯುದ್ಧ ಮಾಡೋರಿಗೂ ಅಮ್ಮ ಇರ್ತಾಳೆ ಅಲ್ವಾ' ಅಂದರು.

ಕುಕನೂರು ಅಲ್ಲಿಂದ ಏಳೆಂಟು ಕಿ.ಮೀ. ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ, ಹೆಸರೇ ಹೇಳುವಂತೆ ಒಂಬತ್ತು ಗರ್ಭಗುಡಿ, ಒಂಬತ್ತು ಲಿಂಗ. ಆವರಣದಲ್ಲೇ ಮಹಾಮಾಯಾ ದೇವಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಅರ್ಧ ಗಂಟೆ ಸಾಕು. ಒಂದು ಮಾತು ನೆನಪಿರಲಿ: ಕನ್ನಡದ ತಿರುಳು ಎಲ್ಲಿದೆ ಅಂತ ಕವಿರಾಜಮಾರ್ಗ ಹೆಸರಿಸಿದ ಊರುಗಳಲ್ಲಿ ಕೊಪಣ, ಅಂದರೆ ಈ ಕೊಪ್ಪಳ, ಒಂದು. ನಮ್ಮ ಬೆಂಗಳೂರಿನ ಕನ್ನಡದವರು ಇಲ್ಲಿಯ ಮಾತಿಗೆ ನಗುವ ಮುಂಚೆ ಸ್ವಲ್ಪ ಯೋಚಿಸಬೇಕು.

ಲಕ್ಕುಂಡಿ ಗದಗಕ್ಕೆ ಸುಮಾರು 12 ಕಿ.ಮೀ. ಮುಂಚೆ. ನೂರೊಂದು ಗುಡಿ, ನೂರೊಂದು ಬಾವಿಯ ಊರು ಅನ್ನುವ ಮಾತಿದೆ. ಎಣಿಸೋಕೆ ಹೋಗಬೇಡಿ, ಮೂರು ಸಾಕು. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡ ಒಂದು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇನ್ನೊಂದು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ ಇವಳೇ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ತಾಳೆಗರಿಯ ಮೇಲೆ ಕಂಠದಿಂದ, ಅಂದರೆ ಚೂಪಾದ ಕಬ್ಬಿಣದ ಲೇಖನಿಯಿಂದ, ಒಂದೊಂದೇ ಅಕ್ಷರ ಕೊರೆಯಬೇಕಿತ್ತು. ಇನ್ನು ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ. ಇಳಿಯುವ ಮೆಟ್ಟಿಲುಗಳ ಪಕ್ಕ ಪುಟ್ಟ ಪುಟ್ಟ ಗುಡಿಗಳನ್ನು ಗೋಡೆಯಲ್ಲೇ ಕೂರಿಸಿದ್ದಾರೆ. ನೀರಿಗೆ ಬಂದವರು ಕೊಡ ತುಂಬುವ ಮುಂಚೆ ಕೈ ಮುಗಿದೇ ಇಳಿಯುತ್ತಿದ್ದರೇನೋ.

ಈ ದಾರಿಯ ಒಂದು ಕೊರತೆ ಹೇಳಲೇಬೇಕು. ಲಕ್ಕುಂಡಿ ಹೊತ್ತಿಗೆ ಗುಡಿ ನೋಡಿ ನೋಡಿ ಸಾಕಾಗಿರುತ್ತದೆ. ಮಕ್ಕಳಿಗಂತೂ ಇಟಗಿಯಲ್ಲೇ ಸಾಕಾಗಿ ಹೋಗಿತ್ತು, ಬಾವಿ ಕಂಡ ಮೇಲೆ ಮತ್ತೆ ಜೀವ ಬಂತು. ಗುಡಿಗಳಲ್ಲಿ ಆಸಕ್ತಿ ಕಡಿಮೆ ಇದ್ದರೆ ಇಟಗಿ ಮತ್ತು ಬಾವಿ ಇಷ್ಟೇ ಇಟ್ಟುಕೊಳ್ಳಿ.

ದರೋಜಿ

ಕರಡಿ ಧಾಮ. 1994ರಲ್ಲಿ ಶುರುವಾದದ್ದು. ಹಂಪಿಗೆ ಅತಿ ಹತ್ತಿರ ಇದೇ. ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಬಂಡೆಗಳಿಗೆ ಬೆಲ್ಲ–ಜೇನಿನಂಥ ಸಿಹಿ ಸವರಿರುತ್ತಾರೆ, ನೀವು ವೀಕ್ಷಣಾ ಗೋಪುರದಲ್ಲಿ ಕೂತು ಕಾಯಬೇಕು. ನಾವು ಹೋದಾಗ ಬಿಸಿಲಿಳಿದ ಮೇಲೆ ತಾಯಿ ಕರಡಿಯೊಂದು ಬೆನ್ನ ಮೇಲೆ ಮರಿ ಹೊತ್ತು ಬಂತು. ದುರ್ಬೀನು ಇಲ್ಲದವರಿಗೆ ಕಪ್ಪು ಚುಕ್ಕೆಯಷ್ಟೇ. ಮಕ್ಕಳಿಗೆ ಇಷ್ಟ, ಆದರೆ ಇದು ಅರ್ಧ ದಿನದ ಸರಕು, ಕರಡಿ ಬರೋದು ಅದರ ಇಷ್ಟ.

ಯಾರಿಗೆ ಯಾವುದು

ಒಂದೇ ದಿನ ಇದ್ದು, ಕಾಲು ಗಟ್ಟಿ ಇದ್ದರೆ ಕಣ್ಣು ಮುಚ್ಚಿಕೊಂಡು ಹಿರೇಬೆಣಕಲ್. ಇಟಗಿಯಂಥ ಗುಡಿ ಬೇಲೂರು ಕಡೆಯೂ ನಿಮಗೆ ಸಿಕ್ಕೀತು, ನಾನೂರು ಕಲ್ಲುಮನೆಗಳ ಗುಡ್ಡ ಸಿಗುವುದು ಕಷ್ಟ. ಆದರೆ ನವೆಂಬರಿನಿಂದ ಜನವರಿವರೆಗೆ ಮಾತ್ರ, ಬೆಳಗ್ಗೆ ಆರೂವರೆಗೆಲ್ಲ ಹತ್ತೋಕೆ ಶುರು ಮಾಡಬೇಕು. ಏಪ್ರಿಲ್‌ನಲ್ಲಿ ನಾನಂತೂ ಯಾರನ್ನೂ ಅಲ್ಲಿಗೆ ಕಳಿಸುವುದಿಲ್ಲ.

ಹಿರಿಯರು ಜೊತೆಗಿದ್ದರೆ ಇಟಗಿ–ಲಕ್ಕುಂಡಿ. ಹಾಗೇ ಮುಂದೆ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯುವವರಿಗೂ ಇದೇ ಸರಿ, ಹೇಗೂ ದಾರಿಯಲ್ಲೇ ಸಿಗುತ್ತದೆ. ಸಮಯ ಮಿಕ್ಕರೆ ಕೊಪ್ಪಳದಲ್ಲಿ ಅಶೋಕನ ಶಾಸನ ಇರುವ ಗವಿಮಠದ ಗುಡ್ಡಕ್ಕೂ ಒಂದು ಸುತ್ತು ಹಾಕಬಹುದು, ಕಿನ್ನಾಳಕ್ಕೆ ಹೋಗಿ ಬಣ್ಣದ ಮರದ ಗೊಂಬೆ ತರಬಹುದು.

ಸಣ್ಣ ಮಕ್ಕಳಿದ್ದರೆ ಬೆಳಗ್ಗೆ ಆನೆಗೊಂದಿ ಕಡೆ ಸುಮ್ನೆ ಸುತ್ತಾಡಿ, ಮಧ್ಯಾಹ್ನ ದರೋಜಿ.

ಊಟದ ವಿಷಯದಲ್ಲಿ ಮಾತ್ರ ಹಿರೇಬೆಣಕಲ್ ಕಡೆಗೇ ನನ್ನ ಓಟು. ಗುಡ್ಡ ಇಳಿದು ಹತ್ತು ಗಂಟೆಗೆ ಗಂಗಾವತಿಗೆ ಬಂದರೆ ಮಂಡಕ್ಕಿ ಒಗ್ಗರಣಿ–ಮಿರ್ಚಿ ಬಜ್ಜಿ ಇನ್ನೂ ಬಿಸಿಯಾಗಿ ಸಿಗುತ್ತದೆ. ಹನ್ನೊಂದರ ಮೇಲೆ ಹೋದರೆ ಮಿರ್ಚಿ ಖಾಲಿ.